ಅದೇ ಕಾವೇರಿ, ಅದೇ ಸಿಟ್ಟು: ಒಮ್ಮೆ ಊರು ಉರಿಯುತ್ತದೆ, ಇನ್ನೊಮ್ಮೆ ಇಲ್ಲ. ಯಾಕೆ?

ಮೂಡಲಪಾಯ

ಗಲಭೆಯ ಮರುದಿನ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. "ಜನರ ತಾಳ್ಮೆ ಮೀರಿತು" ಅನ್ನುವುದು ಒಂದು, "ಕಿಡಿಗೇಡಿಗಳ ಕೆಲಸ" ಅನ್ನುವುದು ಇನ್ನೊಂದು. ಎರಡನ್ನೂ ಯಾವ ಗಲಭೆಗೆ ಬೇಕಾದರೂ ಹಚ್ಚಬಹುದು. ಅದಕ್ಕೇ ಅವುಗಳಿಂದ ಏನೂ ತಿಳಿಯುವುದಿಲ್ಲ.

ಕಾವೇರಿಯನ್ನೇ ನೋಡಿ. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಬಿಡಬೇಕೆಂಬ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ 1991ರ ಡಿಸೆಂಬರ್ 11ರಂದು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾಯಿತು. 12, 13ರಂದು ಬೆಂಗಳೂರಿನಲ್ಲಿ, ಮೈಸೂರು ಸೀಮೆಯಲ್ಲಿ ತಮಿಳು ಕೂಲಿಕಾರರ ಗುಡಿಸಲುಗಳು ಉರಿದವು. ಅಧಿಕೃತ ಲೆಕ್ಕದಲ್ಲೇ 15ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಕುಟುಂಬಗಳು ಊರು ಬಿಟ್ಟವು. 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು ಬಂತು. 12ರಂದು ಕರ್ನಾಟಕ ಬಂದ್ ಆಯಿತು, ಆದರೆ 1991 ಮರುಕಳಿಸಲಿಲ್ಲ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರು ಮತ್ತೆ ಉರಿಯಿತು. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ದಿನ ಶಾಂತ. 2023ರ ಸೆಪ್ಟೆಂಬರ್ 26 ಮತ್ತು 29ರಂದು ಒಂದೇ ವಾರದಲ್ಲಿ ಎರಡು ಬಂದ್, ಆಗಲೂ ದೊಡ್ಡ ಹಿಂಸೆ ಇಲ್ಲ.

ನದಿ ಅದೇ, ರೈತರ ಸಂಕಟವೂ ಅದೇ. ಹಾಗಾದರೆ ಯಾವುದು ಬೇರೆಯಾಗಿತ್ತು? ಘಟನೆಗಳ ಕ್ರಮ ಗೊತ್ತಿರುವವರು ಬರೆಯಿರಿ. ಯಾವ ಭಾಷೆಯವರನ್ನೂ ಕೋಮಿನವರನ್ನೂ ದೂರುವುದು ಈ ಎಳೆಯಲ್ಲಿ ಬೇಡ.

ಬಂದೋಬಸ್ತ್_ಟಿಪ್ಪಣಿ

ಮೊದಲ ವ್ಯತ್ಯಾಸ, ಆಡಳಿತದ ಕೈಯಲ್ಲಿದ್ದ ಸಮಯ. 2007ರಲ್ಲೂ 2018ರಲ್ಲೂ ತೀರ್ಪಿನ ದಿನ ಮೊದಲೇ ಗೊತ್ತಿತ್ತು. ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ತುಕಡಿಗಳು ಹಿಂದಿನ ರಾತ್ರಿಯೇ ಜಾಗ ಹಿಡಿದಿದ್ದವು, ಗಡಿಯಲ್ಲಿ ಬಸ್ ನಿಂತಿತ್ತು.

2016ರ ಕ್ರಮ ನೋಡಿ. ಸೆಪ್ಟೆಂಬರ್ 5ರಂದು ದಿನಕ್ಕೆ 15,000 ಕ್ಯುಸೆಕ್‌ನಂತೆ 10 ದಿನ ಬಿಡಿ ಎಂದು ಸುಪ್ರೀಂ ಕೋರ್ಟ್ ಆದೇಶ (ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು). 9ರಂದು ಕರ್ನಾಟಕ ಬಂದ್, ಅದು ಬಹುಮಟ್ಟಿಗೆ ಶಾಂತವಾಗಿಯೇ ಮುಗಿಯಿತು. ಬಂದ್‌ನಲ್ಲಿ ಪಾಲ್ಗೊಂಡ ಕನ್ನಡ ನಟರನ್ನು ಫೇಸ್‌ಬುಕ್‌ನಲ್ಲಿ ಅಣಕಿಸಿದ ಎಂದು ಬೆಂಗಳೂರಿನಲ್ಲಿ ಒಬ್ಬ ಯುವಕನನ್ನು ಗುಂಪೊಂದು ಥಳಿಸಿತು, ಅದರ ವಿಡಿಯೊ ಎರಡೂ ರಾಜ್ಯಗಳಲ್ಲಿ ಹರಿದಾಡಿತು. ಅದಕ್ಕೆ ಪ್ರತೀಕಾರ ಎಂಬಂತೆ ರಾಮೇಶ್ವರದಲ್ಲಿ ಕನ್ನಡಿಗ ಚಾಲಕನ ಮೇಲೆ ಹಲ್ಲೆ, ಚೆನ್ನೈನಲ್ಲಿ ಕನ್ನಡಿಗರ ಹೋಟೆಲ್ ಮೇಲೆ ನಸುಕಿನಲ್ಲಿ ದಾಳಿ. 12ರ ಬೆಳಗ್ಗೆಯಿಂದ ಆ ದೃಶ್ಯಗಳು ಟಿವಿಯಲ್ಲಿ ಸುತ್ತಿ ಸುತ್ತಿ ಬಂದವು. ಅದೇ ದಿನ ಕೋರ್ಟ್ ಆದೇಶ ಬದಲಾಯಿತು: ದಿನಕ್ಕೆ 12,000 ಕ್ಯುಸೆಕ್, ಆದರೆ 20ನೇ ತಾರೀಖಿನವರೆಗೆ. ಲೆಕ್ಕ ಹಾಕಿ. 15,000 ಕ್ಯುಸೆಕ್ ಅಂದರೆ ದಿನಕ್ಕೆ ಸುಮಾರು 1.3 ಟಿಎಂಸಿ, 12,000 ಅಂದರೆ 1.04. ದಿನದ ಪ್ರಮಾಣ ಇಳಿಯಿತು, ದಿನಗಳು ಹೆಚ್ಚಿದ್ದರಿಂದ ಒಟ್ಟು ನೀರು ಏರಿತು. ವಿನಾಯಿತಿ ಸಿಗುತ್ತದೆಂದು ಕಾದಿದ್ದವರಿಗೆ ಇದು ಎರಡನೇ ಪೆಟ್ಟು.

ಮಧ್ಯಾಹ್ನದ ಹೊತ್ತಿಗೆ ಶಾಲೆ, ಕಚೇರಿ, ಐಟಿ ಕಂಪನಿಗಳು ಎಲ್ಲರನ್ನೂ ಒಟ್ಟಿಗೆ ಮನೆಗೆ ಕಳಿಸಿದವು. ರಸ್ತೆಗಳು ಕಟ್ಟಿಕೊಂಡವು, ಪೊಲೀಸ್ ವಾಹನ ಅಲುಗಾಡದಾಯಿತು. ನಾಯಂಡಹಳ್ಳಿ ಕಡೆಯ ಡಿಪೋದಲ್ಲಿ ತಮಿಳುನಾಡು ಮೂಲದ ಸಾರಿಗೆ ಸಂಸ್ಥೆಯ 40ಕ್ಕೂ ಹೆಚ್ಚು ಬಸ್‌ಗಳು ಸುಟ್ಟದ್ದು ಆಗಲೇ. ರಾಜಗೋಪಾಲನಗರ ಠಾಣೆ ವ್ಯಾಪ್ತಿಯಲ್ಲಿ ಗೋಲಿಬಾರ್‌ಗೆ ಒಬ್ಬ ಬಲಿಯಾದ. ಸಂಜೆಗೆ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ.

ಬಂದ್ ದಿನಕ್ಕೆ ಬಂದೋಬಸ್ತ್ ಇತ್ತು. ಮೂರು ದಿನ ಬಿಟ್ಟು ಬಂದ ಸೋಮವಾರಕ್ಕೆ ಇರಲಿಲ್ಲ. ಘೋಷಿತ ದಿನಕ್ಕಿಂತ ಅದರ ನಂತರದ ದಿನಗಳು ಹೆಚ್ಚು ಅಪಾಯ, ಯಾಕೆಂದರೆ ಅಷ್ಟು ಹೊತ್ತಿಗೆ ಸಿಬ್ಬಂದಿ ದಣಿದು ವಾಪಸಾಗಿರುತ್ತಾರೆ.

ಕೊಳ್ಳೇಗಾಲ_ರಸ್ತೆ

ಪೊಲೀಸ್ ಲೆಕ್ಕವೊಂದೇ ಸಾಲದು ಸರ್. 2018ರಲ್ಲಿ ನಮ್ಮ ಪಾಲಿಗೆ 14.75 ಟಿಎಂಸಿ ಹೆಚ್ಚು ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಶಾಂತವಾಗಿದ್ದುದರಲ್ಲಿ ಆಶ್ಚರ್ಯವೇನು?

1991ಕ್ಕೆ ಬನ್ನಿ. ಅಲ್ಲಿ ಸಮಯದ ಕೊರತೆ ಇರಲೇ ಇಲ್ಲ. ಮಧ್ಯಂತರ ಆದೇಶ ಜೂನ್ 25ಕ್ಕೇ ಬಂದಿತ್ತು. ಜುಲೈನಲ್ಲಿ ಬಂಗಾರಪ್ಪ ಸರ್ಕಾರ ಅದನ್ನು ಪಾಲಿಸದಿರಲು ಸುಗ್ರೀವಾಜ್ಞೆ ಹೊರಡಿಸಿತು, ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದಿತು. ಇಡೀ ಐದೂವರೆ ತಿಂಗಳು ಕೈಯಲ್ಲಿತ್ತು. ಆದರೂ ಬೆಂಕಿ ಬಿತ್ತು. ಡಿಸೆಂಬರ್ 13ರ ಬಂದ್ ಬೆನ್ನಿಗೆ ಸರ್ಕಾರವೇ ನಿಂತಿತ್ತು. ಅಧಿಕಾರದಲ್ಲಿದ್ದವರು ಬೀದಿಯ ಪರ ಎಂದು ಕಂಡರೆ ಕಾನ್ಸ್‌ಟೇಬಲ್ ಯಾರ ಮೇಲೆ ಲಾಠಿ ಎತ್ತುತ್ತಾನೆ? ಗುಡಿಸಲಿಗೆ ಕೊಳ್ಳಿ ಇಡುವವನಿಗೂ ಅದೇ ಸೂಚನೆ ತಲುಪಿರುತ್ತದೆ.

ಮೂಡಲಪಾಯ

2018ರ ಮಾತು ಒಪ್ಪಿದೆ. ಆದರೆ 2007ರ ತೀರ್ಪು ನಮಗೆ ಕಹಿಯೇ: 192 ಟಿಎಂಸಿ ಬಿಡಬೇಕಿತ್ತು. 2023ರಲ್ಲಿ ಮಳೆ ಇಲ್ಲದ ವರ್ಷ ದಿನಕ್ಕೆ 5,000 ಕ್ಯುಸೆಕ್ ಬಿಡಿ ಅಂದರು. ಈ ಎರಡು ಸಲ ಯಾಕೆ ಆಗಲಿಲ್ಲ?

ಗಂಗೋತ್ರಿ_ಸಮಾಜಶಾಸ್ತ್ರ

ಇಲ್ಲಿ ಗುಂಪಿನ ಬಗ್ಗೆ ನಮ್ಮ ತಲೆಯಲ್ಲಿರುವ ಚಿತ್ರವನ್ನೇ ಮೊದಲು ಸರಿಪಡಿಸಿಕೊಳ್ಳಬೇಕು. ಗುಂಪು ಸೇರಿದರೆ ಬುದ್ಧಿ ಹೋಗುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದ ಕೊನೆಯ ಫ್ರೆಂಚ್ ನಂಬಿಕೆ. 1980ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್ ಗಲಭೆಯನ್ನು ಮನಶ್ಶಾಸ್ತ್ರಜ್ಞ ಸ್ಟೀಫನ್ ರೈಕರ್ ಹತ್ತಿರದಿಂದ ಅಭ್ಯಸಿಸಿದಾಗ ಕಂಡದ್ದು ಬೇರೆ. ಗುಂಪು ಸಿಕ್ಕದ್ದನ್ನೆಲ್ಲ ಒಡೆಯಲಿಲ್ಲ. ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬ ಎಲ್ಲೆ ಅದಕ್ಕಿತ್ತು. ಬೆಂಗಳೂರಿನಲ್ಲೂ 2016ರಲ್ಲಿ ಗುಂಪುಗಳು ಹುಡುಕಿದ್ದು ಟಿಎನ್ ನೋಂದಣಿ ಫಲಕವನ್ನು. ಪಕ್ಕದಲ್ಲೇ ನಿಂತ ಕೆಎ ಲಾರಿಯನ್ನು ಬಿಟ್ಟರು. ಅಂದರೆ ಯಾರು ನಮ್ಮವರು, ಯಾರು ಅಲ್ಲ ಎಂಬ ತೀರ್ಮಾನ ಬೀದಿಗೆ ಬರುವ ಮೊದಲೇ ಆಗಿತ್ತು. ಆ ತೀರ್ಮಾನ ಎಲ್ಲಿ, ಯಾರಿಂದ ಆಯಿತು ಎಂಬುದನ್ನು ಹುಡುಕಿದರೆ ಮೂಲ ಸಿಗುತ್ತದೆ.

ಎರಡನೆಯದು ಲೆಕ್ಕದ ವಿಷಯ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೋವೆಟರ್ 1978ರಲ್ಲಿ ತೋರಿಸಿದ್ದು. ನೂರು ಜನ ಇದ್ದಾರೆ ಅನ್ನಿ. ಮೊದಲನೆಯವನು ಯಾರೂ ಎಸೆಯದಿದ್ದರೂ ಕಲ್ಲು ಎಸೆಯುತ್ತಾನೆ. ಎರಡನೆಯವನು ಒಬ್ಬ ಎಸೆದರೆ ಎಸೆಯುತ್ತಾನೆ, ಮೂರನೆಯವನು ಇಬ್ಬರು ಎಸೆದರೆ. ಹೀಗೇ ನೂರನೆಯವನವರೆಗೆ. ಒಬ್ಬ ಶುರು ಮಾಡಿದರೆ ನೂರೂ ಜನ ಸೇರುತ್ತಾರೆ. ಈಗ ಎರಡನೆಯವನೊಬ್ಬನನ್ನು ಬದಲಿಸಿ, "ಇಬ್ಬರು ಎಸೆದರೆ ಮಾತ್ರ" ಅನ್ನುವವನನ್ನು ಅಲ್ಲಿ ನಿಲ್ಲಿಸಿ. ಒಬ್ಬ ಎಸೆದದ್ದಕ್ಕೇ ನಿಂತುಹೋಯಿತು. ಮರುದಿನ ವರದಿಗಾರರು ಮೊದಲನೆಯದನ್ನು ಜನಾಕ್ರೋಶ ಎಂದೂ ಎರಡನೆಯದನ್ನು ಪುಂಡಾಟ ಎಂದೂ ಬರೆಯುತ್ತಾರೆ. ಎರಡು ಗುಂಪಿನ ನಡುವೆ ಇದ್ದ ವ್ಯತ್ಯಾಸ ಒಬ್ಬ ಮನುಷ್ಯ.

ಮೂಡಲಪಾಯ ಅವರ ಪ್ರಶ್ನೆಗೆ ಇಲ್ಲಿದೆ ಉತ್ತರದ ಒಂದು ಭಾಗ. ಸಿಟ್ಟು ಎಷ್ಟಿದೆ ಎಂಬುದರಿಂದ ಗಲಭೆ ತೀರ್ಮಾನವಾಗುವುದಿಲ್ಲ. ಅನುಮಾನದಲ್ಲಿ ನಿಂತವನ ಕಣ್ಣಿಗೆ "ಈಗಾಗಲೇ ಎಷ್ಟು ಜನ ಶುರು ಮಾಡಿದ್ದಾರೆ" ಎಂಬುದು ಎಷ್ಟಾಗಿ ಕಾಣುತ್ತದೆ, ಅದರಿಂದ ತೀರ್ಮಾನವಾಗುತ್ತದೆ. ಟಿವಿ ಒಂದೇ ಉರಿಯುವ ಲಾರಿಯನ್ನು ಮೂರು ಗಂಟೆ ತೋರಿಸಿದರೆ ಅವನಿಗೆ ನೂರು ಲಾರಿ ಉರಿದಂತೆ ಕಾಣುತ್ತದೆ. ಸರ್ಕಾರವೇ ಬಂದ್‌ಗೆ ಬೆಂಬಲ ಕೊಟ್ಟರೆ ಎಲ್ಲರ ಹಿಂಜರಿಕೆಯೂ ಒಟ್ಟಿಗೆ ಇಳಿಯುತ್ತದೆ. 1991ರಲ್ಲಿ ಇದು ಎರಡನೇ ಬಗೆ, 2016ರಲ್ಲಿ ಮೊದಲ ಬಗೆ. 2023ರ ಸೆಪ್ಟೆಂಬರ್‌ನಲ್ಲಿ ಎರಡೂ ಇರಲಿಲ್ಲ: ಬಂದ್ ಕರೆದವರಲ್ಲೇ ಎರಡು ಬಣ, ನಿಷೇಧಾಜ್ಞೆ ಜಾರಿಯಲ್ಲಿತ್ತು, ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ, ಮೆರವಣಿಗೆ ಹೊರಟವರನ್ನು ಹೊರಟಲ್ಲೇ ವಶಕ್ಕೆ ಪಡೆದರು.

ಪೀಣ್ಯ_ಎರಡನೇ_ಹಂತ

ಕಾವೇರಿ ಬಿಟ್ಟು ದುಡಿಮೆಯ ಕಡೆಯಿಂದ ಎರಡು ಪ್ರಕರಣ ಇಡುತ್ತೇನೆ. ಇವುಗಳಲ್ಲಿ ಕಾರಣದ ಸರಪಳಿ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

2016ರ ಏಪ್ರಿಲ್ 18, 19. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆ ತಡೆದರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ಹೆಬ್ಬಗೋಡಿವರೆಗೂ ಹಬ್ಬಿತು. ಬಸ್‌ಗಳು ಸುಟ್ಟವು, ಹೆಬ್ಬಗೋಡಿ ಠಾಣೆಯ ಮೇಲೆ ದಾಳಿಯಾಯಿತು. ಕಾರಣ, ಫೆಬ್ರವರಿ 10ರ ಕೇಂದ್ರದ ಅಧಿಸೂಚನೆ. ಕೆಲಸ ಬಿಟ್ಟವರು ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂದಿತು. ದೆಹಲಿಯಲ್ಲಿ ಕೂತವರಿಗೆ ಇದು ವೃದ್ಧಾಪ್ಯದ ಭದ್ರತೆ. ತಿಂಗಳಿಗೆ ಆರೇಳು ಸಾವಿರ ಎಣಿಸುವ ಟೈಲರ್‌ಗೆ ಪಿಎಫ್ ಅಂದರೆ ಮಗಳ ಶಾಲೆಯ ಫೀಸು, ಕೈಸಾಲ, ಮನೆಯ ಭೋಗ್ಯದ ಹಣ. ಐದಾರು ವರ್ಷ ದುಡಿದು, ಕೆಲಸ ಬಿಟ್ಟು, ಹಣ ತೆಗೆದು, ಇನ್ನೊಂದು ಫ್ಯಾಕ್ಟರಿ ಸೇರುವುದು ಅವರ ಬದುಕಿನ ಲೆಕ್ಕ. ಆ ಲೆಕ್ಕವನ್ನೇ ಒಂದು ಕಾಗದ ಅಳಿಸಿತು.

ಆದರೆ ಸಂಕಟದಿಂದ ಹಿಂಸೆಗೆ ಹೋದ ದಾರಿ ಬೇರೆ. ಹತ್ತಾರು ಸಾವಿರ ಜನ ರಸ್ತೆಯಲ್ಲಿದ್ದರು, ಅವರಲ್ಲಿ ಹೆಚ್ಚಿನವರು ಯಾವ ಯೂನಿಯನ್ನಿನಲ್ಲೂ ಇರಲಿಲ್ಲ. ಪೊಲೀಸರು "ಯಾರ ಹತ್ತಿರ ಮಾತಾಡಬೇಕು?" ಅಂದರೆ ಮುಂದೆ ಬರುವವರಿಲ್ಲ. ಇತ್ತ ಅವರ ಪ್ರಶ್ನೆಗೆ ಉತ್ತರಿಸಬಲ್ಲ ಅಧಿಕಾರಿ ಬೆಂಗಳೂರಿನಲ್ಲೇ ಇಲ್ಲ. ಎರಡೂ ಬದಿಯಲ್ಲಿ ಬಾಯಿ ಇಲ್ಲದಿದ್ದಾಗ ಉಳಿಯುವುದು ಲಾಠಿ ಮತ್ತು ಕಲ್ಲು. ನಿಯಮವನ್ನು ಜುಲೈ 31ರವರೆಗೆ ಮುಂದೂಡುತ್ತೇವೆ ಅಂದದ್ದು ಸಾಲಲಿಲ್ಲ. 19ರ ಸಂಜೆ ಪೂರ್ತಿ ವಾಪಸ್ ಪಡೆದರು, ಬೀದಿ ಖಾಲಿಯಾಯಿತು.

ಇದರಿಂದ ಉಳಿದ ಒಂದು ಕೆಟ್ಟ ಪಾಠವನ್ನೂ ಹೇಳಬೇಕು. ಮನವಿ ಪತ್ರಕ್ಕೆ ಎರಡು ತಿಂಗಳು ಸಿಗದ ಉತ್ತರ ಎರಡು ದಿನದ ರಸ್ತೆ ತಡೆಗೆ ಸಿಕ್ಕಿತು. ಆಡಳಿತ ಯಾವ ದಾರಿಗೆ ಓಗೊಡುತ್ತದೋ ಜನ ಅದೇ ದಾರಿ ಹಿಡಿಯುತ್ತಾರೆ.

ಎರಡನೆಯದು ಕೋಲಾರದ ನರಸಾಪುರ, 2020ರ ಡಿಸೆಂಬರ್ 12, ವಿಸ್ಟ್ರಾನ್ ಕಂಪನಿಯ ಐಫೋನ್ ಘಟಕ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಸಂಬಳದ ವಿಷಯಕ್ಕೆ ಕೆಲಸಗಾರರು ಘಟಕದಲ್ಲಿ ದಾಂಧಲೆ ನಡೆಸಿದರು. ಕಾರ್ಖಾನೆ ಇಲಾಖೆಯ ವರದಿ ಎತ್ತಿದ ಅಂಶಗಳು: 5,000 ಜನರಿಗೆ ಅನುಮತಿ ಇದ್ದ ಕಡೆ ಕೆಲವೇ ತಿಂಗಳಲ್ಲಿ 10,500 ಜನ. ಅಕ್ಟೋಬರ್‌ನಿಂದ 8 ಗಂಟೆಯ ಪಾಳಿ 12 ಗಂಟೆಗೆ ಬದಲು, ಹಾಜರಾತಿ ಯಂತ್ರವನ್ನು ಅದಕ್ಕೆ ಹೊಂದಿಸಲಿಲ್ಲ. ಹಾಜರಾತಿ ತಪ್ಪಾದರೆ ಸಂಬಳ ತಪ್ಪು. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕಂಪನಿಯನ್ನು ಕೇಳಿದರೆ ಏಜೆನ್ಸಿ ಕಡೆ ಕೈ, ಏಜೆನ್ಸಿ ಕೇಳಿದರೆ ಕಂಪನಿ ಕಡೆ ಕೈ. ಕಂಪನಿಯೇ ಆಮೇಲೆ ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಎಂದು ಒಪ್ಪಿ ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ಗುತ್ತಿಗೆ ಕೆಲಸಗಾರರ ಘಟಕಗಳಲ್ಲಿ ಅಪಾಯ ಅಳೆಯಲು ನೋಡಬೇಕಾದ್ದು ಇಷ್ಟು: ಸಂಬಳದ ಚೀಟಿಯ ತಪ್ಪನ್ನು ಸರಿಪಡಿಸಲು ಎಷ್ಟು ದಿನ ಹಿಡಿಯುತ್ತದೆ, ಅದಕ್ಕೆ ಹೆಸರು ಇರುವ ಒಬ್ಬ ವ್ಯಕ್ತಿ ಹೊಣೆಯೇ, ರಾತ್ರಿ ಪಾಳಿಯಲ್ಲೂ ಅವರು ಸಿಗುತ್ತಾರೆಯೇ. ಸತತ ಎರಡು ಸಂಬಳದ ದಿನ ತಪ್ಪು ಹಾಗೇ ಉಳಿದರೆ ಮೂರನೆಯದಕ್ಕೆ ಕಾಯಬಾರದು.

ತುಂಗಾ_ದಂಡೆ

ಇಷ್ಟೆಲ್ಲ ಯಾಕೆ? ನಿರುದ್ಯೋಗ ಅಂತ ಒಂದೇ ಮಾತಲ್ಲಿ ಹೇಳಬಾರದೇ? ಕೆಲಸ ಇದ್ದವರು ಕಲ್ಲು ಎಸೆಯಲು ಹೋಗುತ್ತಾರಾ?

ಗಂಗೋತ್ರಿ_ಸಮಾಜಶಾಸ್ತ್ರ

ಹೋಗುತ್ತಾರೆ. 1967ರ ಅಮೆರಿಕದ ನಗರ ಗಲಭೆಗಳ ಬಗ್ಗೆ ಕರ್ನರ್ ಆಯೋಗ 1968ರಲ್ಲಿ ವರದಿ ಕೊಟ್ಟಿತು. ಗಲಭೆಯಲ್ಲಿ ಸೇರಿದವರು ಅದೇ ಬೀದಿಯಲ್ಲಿ ಸೇರದೇ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಓದಿದ್ದವರು. ಅವರಲ್ಲಿ ಹೆಚ್ಚಿನವರಿಗೆ ಕೆಲಸವಿತ್ತು, ಆದರೆ ಓದಿಗೆ ತಕ್ಕದ್ದಲ್ಲ, ನಾಳೆ ಇರುತ್ತದೆಂಬ ಭರವಸೆಯಿಲ್ಲ. ಕಡುಬಡತನಕ್ಕಿಂತ ಕೈಗೆ ಬಂದದ್ದು ಜಾರಿಹೋಗುವ ಭಯ ಹೆಚ್ಚು ಜನರನ್ನು ಬೀದಿಗೆ ತರುತ್ತದೆ. ನರಸಾಪುರದಲ್ಲಿ ಇದ್ದವರೂ ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದ ಹುಡುಗರು.

ಭಾರತದ ಮಟ್ಟಿಗೆ ರಾಜಕೀಯ ವಿಜ್ಞಾನಿ ಅಶುತೋಷ್ ವಾರ್ಷ್ಣೇಯ ಅವರ 1950ರಿಂದ 1995ರ ಲೆಕ್ಕ ನೋಡಿ. ಹಿಂದೂ ಮುಸ್ಲಿಂ ಗಲಭೆಗಳ ಸಾವಿನಲ್ಲಿ ಹಳ್ಳಿಗಳ ಪಾಲು ಶೇ 4ಕ್ಕೂ ಕಡಿಮೆ. ನಗರ ಜನಸಂಖ್ಯೆಯ ಶೇ 18ರಷ್ಟು ಮಾತ್ರ ಇರುವ ಎಂಟು ನಗರಗಳಲ್ಲಿ ಒಟ್ಟು ಸಾವಿನ ಸುಮಾರು ಶೇ 46. ಬಡತನವೇ ಕಾರಣವಾಗಿದ್ದರೆ ಹಂಚಿಕೆ ಹೀಗಿರುತ್ತಿರಲಿಲ್ಲ. ಅಲಿಗಢ ಮತ್ತು ಕೋಯಿಕ್ಕೋಡ್‌ನಲ್ಲಿ ಮುಸ್ಲಿಮರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಪದೇ ಪದೇ ಗಲಭೆ, ಇನ್ನೊಂದು ಕಡೆ ಇಲ್ಲ. ಅವರು ಕಂಡ ವ್ಯತ್ಯಾಸ, ವರ್ತಕರ ಸಂಘ, ಕಾರ್ಮಿಕ ಸಂಘ, ಓದುಗರ ಕೂಟಗಳಲ್ಲಿ ಎರಡೂ ಕಡೆಯವರು ಒಟ್ಟಿಗೆ ಸದಸ್ಯರಾಗಿದ್ದಾರೆಯೇ ಎಂಬುದು. ನೆರೆಹೊರೆಯ ನಮಸ್ಕಾರ, ಹಬ್ಬದ ಊಟ ಹಳ್ಳಿಗೆ ಸಾಕು. ದೊಡ್ಡ ಊರಿಗೆ ಸಾಲದು, ಅಲ್ಲಿ ನಷ್ಟದ ಭಯವೂ ಒಟ್ಟಿಗೆ ಇರಬೇಕು.

ಕೊಳ್ಳೇಗಾಲ_ರಸ್ತೆ

ಇದನ್ನು ಒಪ್ಪುತ್ತೇನೆ, ಆದರೆ ಅರ್ಧ. ಅಮೆರಿಕದ ರಾಜಕೀಯ ವಿಜ್ಞಾನಿ ಪಾಲ್ ಬ್ರಾಸ್ ಅದೇ ಅಲಿಗಢವನ್ನು ದಶಕಗಟ್ಟಲೆ ನೋಡಿ ಬೇರೆಯದನ್ನು ಹೇಳಿದ್ದಾರೆ: ಗಲಭೆ ಹೂಡುವುದನ್ನೇ ಕೆಲಸ ಮಾಡಿಕೊಂಡ ಜಾಲ ಇದೆ, ಸಣ್ಣ ಜಗಳವನ್ನು ಕೋಮು ಜಗಳವಾಗಿ ಸಾರುವವರು, ಜನ ಸೇರಿಸುವವರು, ಆಮೇಲೆ ಅದಕ್ಕೆ ಸಮರ್ಥನೆ ಬರೆಯುವವರು. ಸಂಘ ಎಷ್ಟೇ ಗಟ್ಟಿಯಿದ್ದರೂ ಈ ಜಾಲಕ್ಕೆ ಮೇಲಿನ ರಕ್ಷಣೆ ಇದ್ದರೆ ಮುರಿಯುತ್ತದೆ. 1994ರ ಅಕ್ಟೋಬರ್ ನೆನೆಯಿರಿ. ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ಅಷ್ಟಕ್ಕೇ 20ಕ್ಕೂ ಹೆಚ್ಚು ಜೀವ ಹೋದವು. ಆ ಹೊತ್ತಿಗೆ ವಿಧಾನಸಭೆ ಚುನಾವಣೆ ಹತ್ತಿರದಲ್ಲಿತ್ತು. ಅದನ್ನು ಬದಿಗಿಟ್ಟು ವಾರ್ತೆಯೇ ಕಾರಣ ಅಂದರೆ ಅರ್ಧ ಸತ್ಯ.

ಬಂದೋಬಸ್ತ್_ಟಿಪ್ಪಣಿ

ಜಾಲಕ್ಕೂ ಒಂದು ಅವಕಾಶ ಬೇಕು. ಆ ಅವಕಾಶ ಹೆಚ್ಚಿನ ಸಲ ಹುಟ್ಟುವುದು ಠಾಣೆಯ ಮುಂದೆ, ದೂರು ಕೊಟ್ಟ ಮೊದಲ ಎರಡು ಗಂಟೆಯಲ್ಲಿ.

2020ರ ಆಗಸ್ಟ್ 11, ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ. ಶಾಸಕರೊಬ್ಬರ ಸಂಬಂಧಿ ಪ್ರವಾದಿಯವರ ಬಗ್ಗೆ ಅವಹೇಳನಕಾರಿ ಪೋಸ್ಟ್ ಹಾಕಿದ್ದಾನೆ ಎಂದು ಸಂಜೆ ದೂರು. ಎಫ್‌ಐಆರ್ ತಡವಾಗುತ್ತಿದೆ ಎಂಬ ಮಾತು ಹಬ್ಬಿತು, ಠಾಣೆ ಮುಂದೆ ಜನ ಬೆಳೆಯುತ್ತ ಹೋದರು. ರಾತ್ರಿಯೊಳಗೆ ಕಾವಲ್ ಬೈರಸಂದ್ರದಲ್ಲಿ ಶಾಸಕರ ಮನೆ ಸುಟ್ಟಿತ್ತು, ಠಾಣೆಯ ವಾಹನಗಳು ಸುಟ್ಟಿದ್ದವು, ಗುಂಡಿಗೆ ಮೂವರು ಬಲಿ. ರಾಜಕೀಯ ಪೈಪೋಟಿಯ ಆರೋಪವೂ ಬಂತು, ಮಾಜಿ ಮೇಯರ್ ಒಬ್ಬರ ಬಂಧನವಾಯಿತು. ಕೊಳ್ಳೇಗಾಲ_ರಸ್ತೆ ಅವರ ಮಾತಿಗೆ ಅಲ್ಲಿ ಪುಷ್ಟಿ ಇದೆ. ಆದರೆ ಜನ ಅಲ್ಲಿ ಸೇರಿದ್ದು ದೂರಿಗಾಗಿ. ಅದೇ ರಾತ್ರಿ ಮುಸ್ಲಿಂ ಯುವಕರು ಕೈ ಕೈ ಹಿಡಿದು ಹನುಮಂತನ ಗುಡಿಗೆ ಕಾವಲು ನಿಂತದ್ದೂ ದಾಖಲಾಗಿದೆ, ಅಂದರೆ ಬೀದಿಯಲ್ಲಿದ್ದವರೆಲ್ಲ ಒಂದೇ ಉದ್ದೇಶದವರಲ್ಲ.

2011ರ ಆಗಸ್ಟ್ 6ರಂದು ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲೂ ಇದೇ ಕ್ರಮ. ಎರಡು ದಿನ ಮೊದಲು ಪೊಲೀಸ್ ಗುಂಡಿಗೆ ಬಲಿಯಾದವನ ಮನೆಯವರು ಠಾಣೆಯ ಹೊರಗೆ ಹಿರಿಯ ಅಧಿಕಾರಿಯ ಒಂದು ಮಾತಿಗಾಗಿ ಗಂಟೆಗಟ್ಟಲೆ ಕಾದರು. ಅವರಿಗೆ ಬೇಕಾಗಿದ್ದ ಉತ್ತರ ಸಿಗಲಿಲ್ಲ. ಕತ್ತಲಾದ ಮೇಲೆ ಶುರುವಾದದ್ದು ಇಂಗ್ಲೆಂಡಿನ ಬೇರೆ ನಗರಗಳಿಗೂ ಹರಡಿತು.

ಕಾನೂನು_ಕಟ್ಟೆ

ಈ ವಾದಕ್ಕೆ ಒಂದು ಅಡ್ಡಿ ಇದೆ, ಅದನ್ನು ಮರೆಯಬಾರದು. 2022ರ ಏಪ್ರಿಲ್ 16, ಹಳೇ ಹುಬ್ಬಳ್ಳಿ. ವಾಟ್ಸ್‌ಆ್ಯಪ್ ಪ್ರಚೋದನಕಾರಿ ಸ್ಟೇಟಸ್ ಹಾಕಿದವನನ್ನು ಪೊಲೀಸರು ಆಗಲೇ ಹಿಡಿದಿದ್ದರು. ಆದರೂ ಠಾಣೆಯ ಮೇಲೆ ಕಲ್ಲು ಬಿತ್ತು. ಕ್ರಮ ಕೈಗೊಂಡರೆ ಸಾಲದು, ಕೈಗೊಂಡದ್ದು ಹೊರಗೆ ನಿಂತವನಿಗೆ ನಂಬುವ ಹಾಗೆ ತಲುಪಬೇಕು.

ಈಗಿನ ಕಾನೂನಿನಲ್ಲಿ ಇನ್ನೊಂದು ತೊಡಕಿದೆ. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(3)ರ ಪ್ರಕಾರ, 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು. ದ್ವೇಷ ಹರಡುವ ಅಪರಾಧ, ಐಪಿಸಿ ಬದಲಿಗೆ ಬಂದ ನ್ಯಾಯ ಸಂಹಿತೆಯ ಕಲಂ 196, ಇದರಡಿ ಬರುತ್ತದೆ. ಠಾಣಾಧಿಕಾರಿ ಕಾನೂನು ಪ್ರಕಾರವೇ "ವಿಚಾರಣೆ ಮಾಡುತ್ತೇವೆ" ಅಂದರೂ ಹೊರಗಿನವರಿಗೆ ಅದು ನಿರಾಕರಣೆಯಾಗಿ ಕೇಳುತ್ತದೆ. ಹಾಗಾಗಿ ಬಾಯಿಮಾತು ಬೇಡ. ದೂರು ಸ್ವೀಕರಿಸಿದ್ದಕ್ಕೆ ಸಮಯ, ಮೊಹರು ಹಾಕಿ ಹಿಂಬರಹ ಕೊಡಿ. ಎಫ್‌ಐಆರ್ ಆಗಿದ್ದರೆ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಲೇಬೇಕು. ಆ ಕಾಗದವನ್ನು ಅವರೇ ಹೊರಗೆ ಬಂದು ಓದಿ ಹೇಳಿದರೆ ಅದರ ತೂಕ ಬೇರೆ.

ಶಿಕ್ಷೆಯ ಭಯದ ಬಗ್ಗೆ. ಅಕ್ರಮ ಕೂಟ (189), ದೊಂಬಿ (191) ಕಾಗದದ ಮೇಲೆ ಕಠಿಣವೇ. ಐವರಿದ್ದರೆ ಸಾಕು, ಸಮಾನ ಉದ್ದೇಶವಿದ್ದರೆ ಕೂಟದ ಪ್ರತಿಯೊಬ್ಬನೂ ಹೊಣೆ. ಆದರೆ ಅಧಿಕಾರಕ್ಕೆ ಬಂದ ಪ್ರತಿ ಸರ್ಕಾರವೂ ತನಗೆ ಬೇಕಾದ ಕಡೆಯ ಗಲಭೆ ಪ್ರಕರಣಗಳನ್ನು ವಾಪಸ್ ಪಡೆಯಲು ಆದೇಶ ಮಾಡುತ್ತದೆ. 2024ರ ಅಕ್ಟೋಬರ್‌ನಲ್ಲಿ ಹಳೇ ಹುಬ್ಬಳ್ಳಿಯದೂ ಸೇರಿ 43 ಪ್ರಕರಣ ಕೈಬಿಡುವ ಆದೇಶವಾಯಿತು. 2025ರ ಮೇನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇಂದಲ್ಲ ನಾಳೆ ಕೇಸು ಬಿದ್ದುಹೋಗುತ್ತದೆ ಎಂಬ ನಂಬಿಕೆ ಮುಂದಿನ ಗಲಭೆಯ ಬಂಡವಾಳ. ನನ್ನ ಮಟ್ಟಿಗೆ ಈ ಎಳೆಯಲ್ಲಿ ಬಂದ ಎಲ್ಲ ಕಾರಣಗಳಲ್ಲಿ ಅತಿ ಕಡಿಮೆ ಚರ್ಚೆಯಾಗುವುದು ಇದೇ.

ಮೂಡಲಪಾಯ

ಯಾವ ಬೇಡಿಕೆಯೂ ಇಲ್ಲದ ಗಲಭೆಯೂ ಆಗಿದೆಯಲ್ಲ. 2006ರಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಯಾರ ಮೇಲೆ ಸಿಟ್ಟಿತ್ತು?

ಬಂದೋಬಸ್ತ್_ಟಿಪ್ಪಣಿ

ಆವತ್ತು ಕೈಕೊಟ್ಟದ್ದು ವ್ಯವಸ್ಥೆ. ಏಪ್ರಿಲ್ 12ರ ಮಧ್ಯಾಹ್ನ ಸಾವು. ಸುದ್ದಿ ಹಬ್ಬಿದಾಗ ದರ್ಶನ ಎಲ್ಲಿ, ಎಷ್ಟು ಹೊತ್ತು, ಅಂತ್ಯಕ್ರಿಯೆ ಎಲ್ಲಿ ಎಂಬ ಖಚಿತ ಮಾಹಿತಿ ಇಲ್ಲ. ಜನ ಸದಾಶಿವನಗರದ ಮನೆಗೆ ನುಗ್ಗಿದರು, ಪಾರ್ಥಿವ ಶರೀರವನ್ನು ಅಲ್ಲಿಂದ ಕಂಠೀರವ ಕ್ರೀಡಾಂಗಣಕ್ಕೆ ಒಯ್ದರು, ಜನ ಅದರ ಹಿಂದೆ. ಮುಖ ನೋಡಲು ಬಂದ ಲಕ್ಷಾಂತರ ಜನರಲ್ಲಿ ಹೆಚ್ಚಿನವರಿಗೆ ಅದು ಸಿಗಲಿಲ್ಲ. ಎರಡು ದಿನದಲ್ಲಿ ಒಬ್ಬ ಪೊಲೀಸ್ ಕಾನ್ಸ್‌ಟೇಬಲ್ ಸೇರಿ ಎಂಟು ಸಾವು.

2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ದುಃಖವೇನು ಕಡಿಮೆಯಿತ್ತೇ? ಎಳೆ ವಯಸ್ಸು, ಅನಿರೀಕ್ಷಿತ ಸಾವು. ಆದರೆ ಅದೇ ಸಂಜೆಯಿಂದ ಕಂಠೀರವ ಕ್ರೀಡಾಂಗಣ ಎಂದು ನಿಗದಿಯಾಯಿತು, ರಾತ್ರಿಯೂ ಸಾಲು ನಿಲ್ಲಿಸಲಿಲ್ಲ. ಒಂದು ಹೆಚ್ಚುವರಿ ದಿನ ಕೊಟ್ಟು 31ರ ಬೆಳಗಿನ ಜಾವ ಅಂತ್ಯಕ್ರಿಯೆ. ನಗರದಲ್ಲಿ ಮದ್ಯ ಮಾರಾಟ ಬಂದ್. ಸಾಲು ನಿಧಾನವಾದರೂ ಮುಂದೆ ಹೋಗುತ್ತಿದೆ ಎಂದು ಕಂಡರೆ ಜನ ಹತ್ತು ಗಂಟೆ ನಿಲ್ಲುತ್ತಾರೆ. ನಿಂತೇ ಹೋದರೆ ಅರ್ಧ ಗಂಟೆಗೆ ತಡೆಗೋಡೆ ಬೀಳುತ್ತದೆ.

ತುಂಗಾ_ದಂಡೆ

ನಿರುದ್ಯೋಗ ಅಂದದ್ದು ಅವಸರದ ಮಾತು, ಸರಿ. ನಮ್ಮ ಕಡೆ ಗಣಪತಿ ವಿಸರ್ಜನೆ, ಈದ್ ಮಿಲಾದ್ ಮೆರವಣಿಗೆ ಹತ್ತಿರ ಬಂದಿವೆ. ಬಡಾವಣೆಯ ಶಾಂತಿ ಸಮಿತಿ ಸಭೆಯಲ್ಲಿ ಚಹಾ ಕುಡಿದು ಭಾಷಣ ಕೇಳಿ ಬರುವುದೇ ಆಗಿದೆ. ಕೆಲಸಕ್ಕೆ ಬರುವಂಥದ್ದು ಏನು ಕೇಳಬೇಕು?

ಬಂದೋಬಸ್ತ್_ಟಿಪ್ಪಣಿ

ಮಾರ್ಗದ ನಕ್ಷೆ ಕೇಳಿ, ಅದರ ಮೇಲೆ ಗಂಟೆ ಬರೆಸಿ. ಪ್ರಾರ್ಥನಾ ಸ್ಥಳದ ಮುಂದೆ ಮೆರವಣಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಆಗ ಒಳಗೆ ಪ್ರಾರ್ಥನೆ ಇದೆಯೇ, ಡಿಜೆ ಎಲ್ಲಿ ನಿಲ್ಲಿಸುತ್ತಾರೆ. ಗಲಾಟೆ ಶುರುವಾಗುವುದು ಮೆರವಣಿಗೆ ಆ ಜಾಗದಲ್ಲಿ ನಿಂತಾಗ, ಸಾಗುವಾಗ ಅಲ್ಲ. "ಇಲ್ಲಿ ನಿಲ್ಲುವಂತಿಲ್ಲ" ಎಂದು ಅನುಮತಿ ಪತ್ರದಲ್ಲೇ ಬರೆಸಬೇಕು.

ಒಂದು ದಿನ ಮೊದಲು ಮಾರ್ಗದುದ್ದಕ್ಕೂ ನಡೆದು ನೋಡಿ. ಕಟ್ಟಡದ ಜಲ್ಲಿ, ಒಡೆದ ಇಟ್ಟಿಗೆ, ಚರಂಡಿಯ ಸಡಿಲ ಚಪ್ಪಡಿ, ಗುಜರಿ ಅಂಗಡಿಯ ಬಾಟಲಿ, ಹಳೇ ಟೈರು ಇದ್ದರೆ ಪಾಲಿಕೆಯ ಟ್ರ್ಯಾಕ್ಟರ್ ಕರೆಸಿ ತೆಗೆಸಿ. ಚಾವಣಿಗಳ ಮೇಲೂ ಕಣ್ಣಾಡಿಸಿ. ಬಾಟಲಿಗೆ ಪೆಟ್ರೋಲ್ ಹಾಕದಂತೆ ಬಂಕ್‌ನವರಿಗೆ ಪೊಲೀಸರಿಂದ ಲಿಖಿತ ಸೂಚನೆ ಹೋಗಲಿ. ಬೀದಿದೀಪ ಕೆಟ್ಟಿದ್ದರೆ ಆವತ್ತೇ ಸರಿಪಡಿಸಬೇಕು.

ಎರಡೂ ಕಡೆಯಿಂದ ಹತ್ತು ಹತ್ತು ಜನ ಸ್ವಯಂಸೇವಕರು, ಹೆಸರು ಫೋನ್ ಸಂಖ್ಯೆ ಠಾಣೆಯಲ್ಲಿ ಇರಲಿ. ಮುಖಂಡರನ್ನು ಮಾತ್ರ ಬರೆದುಕೊಳ್ಳಬೇಡಿ. ರಾತ್ರಿ ಹನ್ನೊಂದಕ್ಕೆ ಗಲ್ಲಿಯ ಹುಡುಗರ ಹೆಸರು ಹಿಡಿದು ಕರೆಯಬಲ್ಲವರು ಬೇಕು: ಗ್ಯಾರೇಜ್ ನಡೆಸುವವನು, ಕ್ರಿಕೆಟ್ ತಂಡ ಕಟ್ಟಿದವನು, ಆಟೊ ಸ್ಟ್ಯಾಂಡಿನವನು.

ಚದುರಿಸುವ ಬಗ್ಗೆ ಒಂದು ಮಾತು. ಗುಂಪಿಗೆ ಹೊರಗೆ ಹೋಗುವ ದಾರಿ ತೆರೆದಿರಲೇಬೇಕು. ನಾಲ್ಕೂ ಕಡೆ ಮುಚ್ಚಿ ಲಾಠಿ ಬೀಸಿದರೆ ನೋಡಲು ಬಂದವನೂ ಕಲ್ಲು ಎತ್ತುತ್ತಾನೆ. ಕಲ್ಲೆಸೆದವನನ್ನೂ ಪಕ್ಕದಲ್ಲಿ ನಿಂತವನನ್ನೂ ಒಂದೇ ಥರ ಹೊಡೆದಾಗ, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಜನ ಒಂದೇ ಗುಂಪಾಗುತ್ತಾರೆ.

ಗಂಗೋತ್ರಿ_ಸಮಾಜಶಾಸ್ತ್ರ

ಗಾಳಿಸುದ್ದಿಗೆ ಇಂಟರ್ನೆಟ್ ಕಡಿತವೇ ಮದ್ದು ಎಂದು ನಂಬಬೇಡಿ. 1991ರಲ್ಲಿ ಮೊಬೈಲೇ ಇರಲಿಲ್ಲ. ಸಂಪರ್ಕ ಕಡಿದರೆ ಸುಳ್ಳಿನ ಜೊತೆ ಅದರ ನಿರಾಕರಣೆಯೂ ನಿಲ್ಲುತ್ತದೆ. ಮಗ ಮನೆಗೆ ಬಂದಿಲ್ಲ ಅನ್ನುವ ತಾಯಿ ಗಾಬರಿಯಿಂದ ಬೀದಿಗೆ ಬರುತ್ತಾಳೆ. ಅದರ ಬದಲು ಠಾಣೆಯಿಂದ ಗಂಟೆಗೊಮ್ಮೆ ಸಮಯ ನಮೂದಿಸಿದ ಧ್ವನಿ ಸಂದೇಶ ಕಳಿಸಿ, ಇನ್ಸ್‌ಪೆಕ್ಟರ್ ದನಿಯಲ್ಲೇ. "ಏನೂ ಆಗಿಲ್ಲ" ಅನ್ನಬಾರದು, ಆದದ್ದನ್ನು ಆದಷ್ಟೇ ಹೇಳಬೇಕು. ಒಂದು ಸಲ ಮುಚ್ಚಿಟ್ಟದ್ದು ಗೊತ್ತಾದರೆ ಮುಂದಿನ ಹತ್ತು ಸಂದೇಶ ಯಾರೂ ನಂಬುವುದಿಲ್ಲ.

ಪೀಣ್ಯ_ಎರಡನೇ_ಹಂತ

ಒಂದು ಪ್ರಶ್ನೆ ಉಳಿದಿದೆ. ಪ್ರತಿ ಸಲ ಕಳೆದುಕೊಳ್ಳುವವರು ಗಲಭೆಗೆ ಸಂಬಂಧವೇ ಇಲ್ಲದ ತಳ್ಳುಗಾಡಿಯವರು, ಶೆಡ್ಡುಗಳಲ್ಲಿರುವ ಕೂಲಿಯವರು. ಅವರಿಗೆ ಪರಿಹಾರ ಸಿಗುವುದು ಹೇಗೆ?

ಕಾನೂನು_ಕಟ್ಟೆ

2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿ ಇದೆ. ಹೈಕೋರ್ಟ್ ನಷ್ಟ ಪರಿಹಾರ ಆಯುಕ್ತರನ್ನು ನೇಮಿಸಿ, ಹಾನಿ ಮಾಡಿದವರಿಂದ, ಪ್ರತಿಭಟನೆ ಸಂಘಟಿಸಿದವರಿಂದ ವಸೂಲಿ ಮಾಡಬಹುದು. ಡಿ.ಜೆ. ಹಳ್ಳಿ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ನೇಮಿಸಿತ್ತು.

ದಾಖಲೆ ಇಲ್ಲದವರ ಅರ್ಜಿ ಅಲ್ಲಿ ನಿಲ್ಲುವುದು ಕಷ್ಟ. ಹಾಗಾಗಿ ಮೊದಲ ದಿನವೇ ಮಾಡಬೇಕಾದ್ದು: ಸುಟ್ಟದ್ದನ್ನು ಗುಡಿಸಿ ಹಾಕುವ ಮೊದಲು ನಾಲ್ಕೂ ಬದಿಯಿಂದ ಫೋಟೊ, ವಿಡಿಯೊ. ಠಾಣೆಯಲ್ಲಿ ಪ್ರತ್ಯೇಕ ದೂರು, ಪಕ್ಕದವರ ದೂರಿನಲ್ಲಿ ಹೆಸರು ಸೇರಿಸಿದರೆ ಸಾಲದು. ಪೊಲೀಸರು ಮಹಜರು (ಸ್ಥಳ ಪರಿಶೀಲನೆಯ ದಾಖಲೆ) ಬರೆಯುವಾಗ ಪ್ರತಿ ವಸ್ತುವನ್ನೂ ಹೆಸರು, ಸಂಖ್ಯೆ ಸಹಿತ ಬರೆಸಿ: ಹೊಲಿಗೆ ಯಂತ್ರ 1, ಗ್ಯಾಸ್ ಸಿಲಿಂಡರ್ 1, ತಕ್ಕಡಿ 1. "ಮನೆ ಸಾಮಾನು" ಎಂದು ಒಂದೇ ಪದ ಬರೆದರೆ ಅದರ ಬೆಲೆ ಕಟ್ಟಲಾಗುವುದಿಲ್ಲ. ಗಾಡಿ ಸುಟ್ಟಿದ್ದರೆ ಷಾಸಿ ಸಂಖ್ಯೆ ಉಜ್ಜಿ ತೆಗೆದು ಬರೆಸಿ, ವಿಮೆಯ ಪತ್ರದಲ್ಲಿ ಗಲಭೆಯ ಹಾನಿಗೆ ರಕ್ಷಣೆ ಇದೆಯೇ ನೋಡಿ ಕೂಡಲೇ ತಿಳಿಸಿ. ಬೀದಿ ವ್ಯಾಪಾರಿಯಾಗಿದ್ದರೆ ಪಾಲಿಕೆಯ ಗುರುತಿನ ಚೀಟಿ, ಅದಿಲ್ಲದಿದ್ದರೆ ಸಗಟು ಅಂಗಡಿಯ ಕೊನೆಯ ಬಿಲ್ಲು ಅಥವಾ ಯುಪಿಐ ಖಾತೆಯ ಮೂರು ತಿಂಗಳ ವಿವರ ಜೊತೆಗಿಡಿ. ಮಹಜರಿನ ಪ್ರತಿ ಕೈಗೆ ಬಂದ ಮೇಲೇ ಜಾಗ ತೆರವು ಮಾಡಿ.